ಗೆರೆಯ ಮೇಲೆ ಬಿದ್ದ ಚೆಂಡು

ನಮ್ಮ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿನ ಚರಿತ್ರೆ ಬರೆದುಕೊಡಲು ಕಾರ್ಯದರ್ಶಿ ನನ್ನನ್ನೇ ಹಿಡಿದದ್ದಕ್ಕೆ ಕಾರಣ ನನ್ನ ಬಾಯಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳ ನಡುವಿನ ಆ ಮಣ್ಣಿನ ಅಂಕಣವನ್ನು ಸಮ ಮಾಡಿದವರು ಯಾರು, ಇಬ್ಬನಿಗೆ ನೆನೆದು ಭಾರವಾದ ಉಲ್ಲನ್ ಚೆಂಡುಗಳನ್ನು ಒಲೆಯ ಪಕ್ಕ ಇಟ್ಟು ಒಣಗಿಸುತ್ತಿದ್ದವರು ಯಾರು, ಎಲ್ಲ ನನಗೆ ಗೊತ್ತು. ಹೇಳಲೂ ಬರುತ್ತದೆ. ದೊಡ್ಡಜ್ಜ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕಥೆ ಹೇಳುವಾಗ ಎಲ್ಲಿ ನಿಲ್ಲಿಸುತ್ತಿದ್ದ, ಎಲ್ಲಿ ದನಿ ತಗ್ಗಿಸುತ್ತಿದ್ದ ಎಂದು ನೋಡುತ್ತಲೇ ಬೆಳೆದವನು ನಾನು.

ಆ ವಿದ್ಯೆಯಿಂದ ಮಾಡಿದ ಒಂದು ಕೆಲಸ ಈಗ ನನ್ನನ್ನೇ ಚುಚ್ಚುತ್ತಿದೆ.

ನಮ್ಮ ತಂಡದ ಐವರಲ್ಲಿ ಹಿಂಬದಿಯಲ್ಲಿ ಆಡುತ್ತಿದ್ದ ಒಬ್ಬರು ನನಗಿಂತ ಹಿರಿಯರು, ಕಾರ್ಖಾನೆಯಲ್ಲಿ ಫಿಟ್ಟರ್. ನಾನು ನಡುವೆ ಆಡುತ್ತಿದ್ದೆ. ಕ್ಲಬ್ಬಿನ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಚೆಂಡು ತಲೆಯ ಮೇಲೆ ಹಾರಿದರೆ ಹಿಂದಿನವರು ಚೆಂಡನ್ನೇ ನೋಡಬೇಕು. ನಡುವಿನವನು ತಿರುಗಿ ಗೆರೆ ನೋಡಿ ಕೂಗಬೇಕು. ಕೂಗಿದ ಮೇಲೆ ಮರುಮಾತಿಲ್ಲ.

ಶಿವಮೊಗ್ಗದಲ್ಲಿ ಒಂದು ಫೈನಲ್. ಗೆದ್ದರೆ ಮೊದಲ ಸಲ ಶೀಲ್ಡು ನಮ್ಮದು. ಕೊನೆಯ ಗೇಮಿನಲ್ಲಿ ಎರಡೂ ತಂಡ ಸಮಸಮ ಇದ್ದಾಗ ಚೆಂಡು ಎತ್ತರಕ್ಕೆ ಹೋಯಿತು. ನಾನು ತಿರುಗಿ, ಸರಿಯಾಗಿ ನೋಡದೆಯೇ, "ಬಿಡಣ್ಣ, ಔಟು" ಎಂದು ಕೂಗಿದೆ. ಅವರು ಎತ್ತಿದ ಬ್ಯಾಟನ್ನು ಹಾಗೇ ತಡೆದರು. ಚೆಂಡು ಸುಣ್ಣದ ಗೆರೆಯ ಮೇಲೆಯೇ ಬಿದ್ದು ಬಿಳಿ ಪುಡಿ ಎದ್ದಿತು, ಅಂದರೆ ಒಳಗೇ. ಆ ಗಲಾಟೆಯಲ್ಲಿ ನನ್ನ ಕೂಗು ಕೇಳಿದ್ದು ಅವರೊಬ್ಬರಿಗೇ. ಆಮೇಲಿನ ಪಾಯಿಂಟೂ ಹೋಯಿತು, ಶೀಲ್ಡೂ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಜೊತೆಯವನೊಬ್ಬ ಅವರನ್ನು ಕೇಳಿದ: "ಅಲ್ಲ ಮಾರಾಯ, ಕೈಗೆ ಸಿಗೋ ಚೆಂಡನ್ನ ಯಾಕ್ ಬಿಟ್ಟೆ?"

ಅವರು ನನ್ನ ಮುಖ ನೋಡಿದರು. ನಾನು ಎದ್ದು ನಿಂತು, ಬ್ಯಾಟು ಮೇಲೆತ್ತಿ, ಬಾಯಿ ತೆರೆದು, ಅವರು ನಿಂತಿದ್ದ ರೀತಿ ತೋರಿಸಿದೆ. "ಬಸ್ಸು ನಿಲ್ಲಲ್ಲ ಅಂತ ಗೊತ್ತಾದ್ ಮೇಲೂ ಹೊಳಲೂರು ಸ್ಟಾಪಲ್ಲಿ ಕೈ ಎತ್ಕೊಂಡೇ ನಿಂತಿರ್ತಾರಲ್ಲ, ಹಂಗೆ ನಿಂತಿದ್ರು ಕಣ್ರೋ ನಮ್ಮಣ್ಣ."

ಕಂಡಕ್ಟರೂ ನಕ್ಕ. ಅವರೂ ನಕ್ಕರು. ಕೇಳಿದ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಕಥೆ ಮಾತ್ರ ಮುಗಿಯಲಿಲ್ಲ. ಬೀಳ್ಕೊಡುಗೆ, ಗೃಹಪ್ರವೇಶ, ಎಲ್ಲಿ ಹೋದರೂ "ಆ ಚೆಂಡಿನ ಕಥೆ ಹೇಳು" ಎನ್ನುವರು. ಹೇಳಿದಷ್ಟೂ ಅದು ರುಚಿಯಾಯಿತು. ಅವರ ಮಗಳ ಮದುವೆಯ ಪಂಕ್ತಿಯಲ್ಲಿ, ಆಯನೂರಿನಿಂದ ಬಂದ ಬೀಗರ ಎದುರಿಗೇ ಹೇಳಿದೆ. ಬೀಗರು ನಕ್ಕು ನಕ್ಕು ಪಾಯಸ ಎಲೆಯಿಂದ ಹರಿದುಹೋಯಿತು. ತುಪ್ಪ ಬಡಿಸುತ್ತಿದ್ದ ಅವರೂ ನಿಂತು ನಕ್ಕರು.

ಈ ವರ್ಷ ಚರಿತ್ರೆ ಬರೆದು, ತಪ್ಪಿದ್ದರೆ ತಿದ್ದಲಿ ಎಂದು ಅವರ ಮನೆಗೇ ಹೋಗಿ ಓದಿದೆ. ಭಾನುವಾರ ಬೆಳಿಗ್ಗೆ, ಅಂಕಣಕ್ಕೆ ಗೆರೆ ಎಳೆದು ಬಂದಿದ್ದರು, ಕೈಯೆಲ್ಲ ಸುಣ್ಣ. ನಿವೃತ್ತರಾದರೂ ಆ ಕೆಲಸ ಬಿಟ್ಟಿಲ್ಲ. "ಹಿಂಬದಿಯ ಆಟಗಾರರು ಒಂದು ಕ್ಷಣ ಮೈಮರೆತಿದ್ದರಿಂದ" ಎಂಬಲ್ಲಿಗೆ ಬಂದೆ.

"ಸರಿಯಾಗಿದೆ, ಮುಂದೆ ಓದು," ಎಂದರು.

ಅವರೆಕಾಯಿ ಸುಲಿಯುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ ಕೇಳಿದರು: "ಔಟು ಅಂತ ಕೂಗಿದ್ದು ನೀವಲ್ವಾ? ಅದನ್ನ ಬರ್ದಿಲ್ವಾ?"

"ಬಿಡೇ ಮಾರಾಯ್ತಿ, ಹಳೇ ಮಾತು."

"ನನಗೊಬ್ಬಳಿಗೇ ಹೇಳಿದ್ರು. ಮದುವೆ ದಿನ ನೀವು ಕೈ ಎತ್ತಿ ತೋರಿಸ್ತಿದ್ರಲ್ಲ, ಆಮೇಲೆ ಇವರು ಅಡುಗೆಯವರ ಹತ್ರ ಬಂದು ತುಪ್ಪದ ಪಾತ್ರೆ ಇಟ್ಟು ಗೋಡೆ ಕಡೆ ಮುಖ ಮಾಡಿ ನಿಂತಿದ್ರು."

ನನ್ನ ಕೈಯಲ್ಲಿದ್ದ ಹಾಳೆಗಳನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. "ಯಾಕಣ್ಣ ಒಂದ್ ಸಲನೂ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಜನ ಅಷ್ಟು ಖುಷಿಯಾಗಿ ನಗ್ತಿದ್ರು. ನಡುವೆ ಬಾಯಿ ಹಾಕೋದು ಹೆಂಗೆ?"

ಮನೆಗೆ ಬಂದು ಆ ಸಾಲು ಹೊಡೆದು ಹಾಕಿ, ಇದ್ದದ್ದನ್ನು ಬರೆದೆ. ಆದರೆ ನಗಿಸಿದ್ದು ಬಾಯಿಯಿಂದ; ಒಪ್ಪಿಕೊಳ್ಳುವುದೂ ಬಾಯಿಯಿಂದಲೇ ಆಗಬೇಕಿತ್ತು. ವಾರ್ಷಿಕೋತ್ಸವದ ಸಂಜೆ ಅಂಕಣದಲ್ಲೇ ಕುರ್ಚಿ ಹಾಕಿದ್ದರು. ಎಂದಿನಂತೆ ಜನ ಚೆಂಡಿನ ಕಥೆ ಹೇಳು ಎಂದರು. ಎದ್ದು ಹೇಳಿದೆ: "ಆ ಚೆಂಡು ಬಿಡಿ ಅಂತ ಕೂಗಿದ್ದು ನಾನು. ಅವರು ಪದ್ಧತಿ ಪ್ರಕಾರ ಬಿಟ್ಟರು. ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳು."

ಇಡೀ ಅಂಕಣ ನಕ್ಕಿತು.

"ಏನ್ ತಿರುವು ಕೊಟ್ಟ ನೋಡ್ರಪ್ಪ," ಎಂದು ಕಾರ್ಯದರ್ಶಿ ತೊಡೆ ತಟ್ಟಿಕೊಂಡ.

"ನಿಜವಾಗ್ಲೂ," ಎಂದೆ. ಇನ್ನೂ ಜೋರಾಗಿ ನಕ್ಕರು. ಆ ನಗು ಕಲಿಸಿದವನು ನಾನೇ, ಯಾರನ್ನು ಬೈಯಲಿ?

ಮೂರನೇ ಸಾಲಿನಲ್ಲಿದ್ದ ಅವರೊಬ್ಬರು ನಗಲಿಲ್ಲ. ಆ ಕಥೆಗೆ ಅವರು ನಗದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾರ್ಯಕ್ರಮ ಮುಗಿದ ಮೇಲೆ ನೆಟ್ಟು ಬಿಚ್ಚಲು ಹೋದರು. ನಾನು ಹಿಂದೆಯೇ ಹೋದೆ. ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ನೆಲಕ್ಕೆ ತಾಗದ ಹಾಗೆ ಹಿಡ್ಕೋ," ಎಂದರು.