ಸೊನ್ನೆ ನಂಬರಿನ ಬಿಲ್ಲೆ

ನನ್ನ ಹೆಂಡತಿ ಒಮ್ಮೆ ಇಡೀ ವಿಮಾನವೊಂದನ್ನು ತನ್ನ ತುರುಬಿಗೆ ಕಟ್ಟಿ ನಿಲ್ಲಿಸಿದ್ದಳು. ಇದನ್ನು ಹೇಳಿದಾಗಲೆಲ್ಲ ಮೊಮ್ಮಕ್ಕಳು ಅಡುಗೆಮನೆಗೆ ಓಡಿ, "ಅಜ್ಜಿ, ತಾತ ಮತ್ತೆ ಬಿಡ್ತಾ ಇದಾರೆ" ಎಂದು ದೂರು ಕೊಡುತ್ತಾರೆ. ತಪ್ಪು ಮಕ್ಕಳದಲ್ಲ. ಮೊಸಳೆಗೆ ಹಲ್ಲುಜ್ಜಿಸಿದೆ, ಸುಂಟರಗಾಳಿಯನ್ನು ಗೋಣಿಚೀಲದಲ್ಲಿ ಹಿಡಿದು ಬಾಯಿ ಹೊಲಿದೆ ಎಂದೆಲ್ಲ ಹೇಳಿಕೊಂಡು ಬಂದವನು ನಾನು. ಆದರೆ ತುರುಬಿನ ಕಥೆಗೆ ಮಾತ್ರ ಅಡುಗೆಮನೆಯಿಂದ ಪ್ರತಿ ಸಲ ಒಂದೇ ಉತ್ತರ: "ಅದೊಂದು ನಿಜ ಕಣ್ರೋ."

ಅವಳು ಮೂವತ್ತೊಂದು ವರ್ಷ ವಿಮಾನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದಳು. ನಮ್ಮ ಕ್ಷೌರಿಕನಿಗೆ ಹೀಗೆಂದಾಗ ಅವನು ಕತ್ತರಿ ನಿಲ್ಲಿಸಿ, "ಪೈಲಟ್ಟಾ ಸ್ವಾಮಿ?" ಎಂದ. "ಪೈಲಟ್ಟಿಗಿಂತ ಮೇಲೆ. ಅವಳು ಸಹಿ ಹಾಕದಿದ್ದರೆ ಪೈಲಟ್ಟು ನೆಲದ ಮೇಲೇ" ಎಂದೆ. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಅವಳು ಅಲ್ಲಿನ ಸಾಮಾನು ಕೋಣೆಯ ಉಸ್ತುವಾರಿ.

ಆಕಾಶದಲ್ಲಿ ಎರಡು ವಿಮಾನಗಳು ತೀರ ಹತ್ತಿರ ಬಂದರೆ ಪೈಲಟ್‌ಗಳನ್ನು ಎಚ್ಚರಿಸುವ ಪೆಟ್ಟಿಗೆಯೊಂದನ್ನು ಆ ಸಂಸ್ಥೆಯವರು ತಯಾರಿಸುತ್ತಿದ್ದರು. ನೀನು ಮೇಲೆ ಹೋಗು, ನೀನು ಕೆಳಗೆ ಇಳಿ ಎಂದು ಅದು ಹೇಳಬೇಕು. ಅದನ್ನು ಪರೀಕ್ಷಿಸುವುದೆಂದರೆ ಎರಡು ವಿಮಾನಗಳನ್ನು ಬೇಕೆಂದೇ ಎದುರುಬದುರು ಹಾರಿಸುವುದು. ಅಂಥ ಹೊತ್ತಿನಲ್ಲಿ ಯಾರೋ ಒಳಗೆ ಮರೆತುಬಿಟ್ಟ ಬೆರಳುದ್ದದ ಸ್ಕ್ರೂಡ್ರೈವರ್ ಉರುಳಿಕೊಂಡು ಹೋಗಿ ಬಾಲದ ತಂತಿಗೆ ಸಿಕ್ಕಿಕೊಂಡರೆ ಮುಗಿಯಿತು, ವಿಮಾನ ತಿರುಗುವುದೇ ಇಲ್ಲ.

ಹಾಗಾಗಿ ಆ ಕೋಣೆಯ ಒಂದು ಗೋಡೆಗೆ ಹಳದಿ ಹಲಗೆ. ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸ್ಪ್ಯಾನರ್ ತೆಗೆದರೆ ಅದರ ಕರಿ ನೆರಳು ಕಾಣಬೇಕು. ತೆಗೆದುಕೊಂಡವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ನೆರಳಿನ ಮೇಲೆ ತಗಲುಹಾಕಬೇಕು. ದಿನದ ಕೊನೆಗೆ ಇನ್ನೂರ ಹದಿನಾಲ್ಕು ಉಪಕರಣಗಳು ಹಲಗೆಗೆ ಮರಳಿದ ಮೇಲಷ್ಟೇ ಅವಳ ಸಹಿ. ಎಲ್ಲರೂ ಅವಳನ್ನು ಬಿಲ್ಲೆಯಕ್ಕ ಎಂದೇ ಕರೆಯುತ್ತಿದ್ದರು.

ಹೆಡ್ ಮೆಕ್ಯಾನಿಕ್ ಒಬ್ಬನಿದ್ದ. ಆಳು ಭಾರಿ, ಅಡ್ಡಹೆಸರು ಗುಡ್ಡ. ಅವನಿಗೂ ಇವಳಿಗೂ ದಿನಾ ಇದ್ದದ್ದೇ.

"ಅಕ್ಕಾ, ಒಂದೇ ನಿಮಿಷಕ್ಕೆ ಆ ಸ್ಪ್ಯಾನರ್ ಕೊಡಿ. ಬಿಲ್ಲೆ ಕೋಟಲ್ಲಿದೆ."

"ಕೋಟೆಲ್ಲಿದೆ?"

"ಆಚೆ ಶೆಡ್ಡಲ್ಲಿ."

"ಹಾಗಾದ್ರೆ ಹೋಗಿ ತಗೊಂಬನ್ನಿ. ನಡೆದ್ರೆ ಹೊಟ್ಟೆನೂ ಕರಗುತ್ತೆ."

ಇದು ಅವಳ ಆರನೆಯ ವರ್ಷದ ಮಾತು. ಅಲ್ಲಿಯವರೆಗೂ ಅವಳದು ಆರಾರು ತಿಂಗಳಿಗೊಮ್ಮೆ ಮುಂದುವರಿಸುವ ತಾತ್ಕಾಲಿಕ ಕೆಲಸ. ಕಾಯಂ ಮಾಡುವ ಕಾಗದ ಆ ತಿಂಗಳು ಮುಖ್ಯ ಇಂಜಿನಿಯರ ಮೇಜಿಗೆ ಬಂದಿತ್ತು. ಮಾರನೆಯ ದಿನ ಬೆಳಿಗ್ಗೆ ಎದುರುಬದುರು ಹಾರಾಟ. ಎರಡನೆಯ ವಿಮಾನವೂ ಬೇರೆ ಊರಿನಿಂದ ಬಂದು ಇಳಿದಿತ್ತು.

ಹಾರಾಟದ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಎಣಿಸಿದಳು. ಇನ್ನೂರ ಹದಿಮೂರು. ಬೆರಳುದ್ದದ, ಕೆಂಪು ಹಿಡಿಯ ಸ್ಕ್ರೂಡ್ರೈವರಿನ ಜಾಗದಲ್ಲಿ ನೆರಳಿದೆ, ಬಿಲ್ಲೆ ಇಲ್ಲ.

"ಖಂಡಿತಾನಾ ಅಮ್ಮಾ?" ಎಂದರು ಮುಖ್ಯ ಇಂಜಿನಿಯರ್.

"ಮೂರು ಸಲ ಎಣಿಸ್ದೆ ಸರ್. ನಾನು ಸಹಿ ಹಾಕೋಲ್ಲ."

ಹಾರಾಟ ರದ್ದಾಯಿತು. ವಿಮಾನದ ನೆಲಹಲಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಇವಳಿಗೆ ಸಿಟ್ಟು ನೆತ್ತಿಗೇರಿತ್ತು. ಎಲ್ಲರ ಮುಂದೆ ಗುಡ್ಡನನ್ನು ನಿಲ್ಲಿಸಿ, "ಬಿಲ್ಲೆ ಹಾಕದೆ ಒಂದು ನಿಮಿಷಕ್ಕೆ ಅಂತ ಕೇಳೋರು ಇಲ್ಲಿ ನೀವೊಬ್ರೇ" ಎಂದುಬಿಟ್ಟಳು. ಗುಡ್ಡ ವಿಮಾನದ ಬಾಲದೊಳಗೆ ತೂರಿಕೊಂಡ.

ಆರು ಗಂಟೆಗೆ ಮನೆಗೆ ಬಂದವಳು ನಡೆದದ್ದನ್ನೆಲ್ಲ ಹೇಳಿ, ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನಾನು ಚಹದ ಲೋಟ ಹಿಡಿದು ಹಿಂದಿನಿಂದ ಬಂದೆ.

"ಲೇ, ತುರುಬಿಗೆ ಏನು ಸಿಕ್ಕಿಸ್ಕೊಂಡಿದೀಯ?"

"ಸುಮ್ನಿರಿ. ಇವತ್ತು ತಮಾಷೆ ಬೇಡ."

"ತಮಾಷೆ ಅಲ್ಲ ಕಣೇ. ಕೆಂಪು ಹಿಡಿ ಇದೆ."

ಅವಳ ಕೈ ಮೇಲೆದ್ದಿತು. ತಲೆ ಮುಟ್ಟುವ ಮೊದಲೇ ನಿಂತಿತು. ಬೆಳಿಗ್ಗೆ ಹನ್ನೊಂದಕ್ಕೆ ಅವಳ ಕನ್ನಡಕದ ಸ್ಕ್ರೂ ಸಡಿಲವಾಗಿತ್ತಂತೆ. ಗೋಡೆಯಿಂದ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿಕೊಂಡಳು. ಅಷ್ಟರಲ್ಲಿ ಯಾರೋ ಭಾರದ ಪೆಟ್ಟಿಗೆ ಕೇಳಿದರು, ಎರಡೂ ಕೈ ಬೇಕಾಯಿತು, ತುರುಬಿಗೆ ಸಿಕ್ಕಿಸಿದಳು. ಇದೇ ಕೋಣೆಯಲ್ಲಿ ಇರುತ್ತೇನಲ್ಲ, ನನಗೇನು ಬಿಲ್ಲೆ ಎಂದುಕೊಂಡಳು.

ನಾನು ದೊಡ್ಡ ಬುದ್ಧಿವಂತನಂತೆ ಹೇಳಿದೆ: "ನಾಳೆ ಬೇಗ ಹೋಗು. ಮೇಜಿನ ಡ್ರಾ ಹಿಂದೆ ಬಿದ್ದಿತ್ತು ಅನ್ನು. ಹೇಗೆ ಹೇಳ್ಬೇಕು ಅಂತ ನಾನು ಕಲಿಸ್ತೀನಿ. ಕಾಯಂ ಕಾಗದಕ್ಕೆ ಸಹಿ ಬೀಳೋ ಹೊತ್ತು ಕಣೇ, ಕೈಯಾರೆ ಕೆಡಿಸ್ಕೋಬೇಡ."

"ಡ್ರಾ ಹಿಂದೆ ಬಿತ್ತು ಅಂದ್ರೆ ಅವ್ರು ಡ್ರಾ ರಿಪೇರಿ ಮಾಡಿಸ್ತಾರೆ ರೀ. ಕೆಟ್ಟಿರೋದು ಡ್ರಾ ಅಲ್ವಲ್ಲ, ನಾನು."

ನಾನು ತುರುಬಿನಿಂದ ಅದನ್ನು ಎಳೆಯಲು ಕೈ ಚಾಚಿದೆ.

"ಮುಟ್ಬೇಡಿ! ಎಲ್ಲಿದೆಯೋ ಅಲ್ಲೇ ಇರ್ಲಿ. ಅವ್ರು ಕಣ್ಣಾರೆ ನೋಡ್ಬೇಕು."

ಆಗಿಂದಾಗಲೇ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಅವಳು ಕತ್ತು ನೆಟ್ಟಗೆ ಮಾಡಿ, ತಲೆಯ ಮೇಲೆ ತುಂಬಿದ ಕೊಡ ಹೊತ್ತವಳಂತೆ ಕೂತಿದ್ದಳು. ಹಿಂದಿನ ಸೀಟಿನ ಹೆಂಗಸು ಬಗ್ಗಿ, "ಅಮ್ಮಾ, ನಿಮ್ಮ ತುರುಬಲ್ಲಿ ಸ್ಕ್ರೂಡ್ರೈವರ್ ಇದೆ" ಎಂದಳು.

"ಗೊತ್ತಮ್ಮಾ."

"ಇವಳ ತಲೆ ಸ್ವಲ್ಪ ಸಡಿಲ" ಎಂದೆ ನಾನು. ಪಕ್ಕೆಗೆ ಮೊಣಕೈ ತಿವಿತ ಬಿತ್ತು. ಆದರೆ ಅವಳ ತುಟಿಯ ತುದಿ ಅಲುಗಿದ್ದನ್ನು ನಾನು ನೋಡಿದೆ.

ಶೆಡ್ಡಿನಲ್ಲಿ ವಿಮಾನದ ಅರ್ಧ ಹೊಟ್ಟೆ ಟಾರ್ಪಾಲಿನ ಮೇಲೆ ಹರಡಿತ್ತು. ಬಾಲದಿಂದ ಗುಡ್ಡನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಇವಳು ಮುಖ್ಯ ಇಂಜಿನಿಯರ ಮುಂದೆ ಹೋಗಿ ನಿಂತು, ಬೆನ್ನು ತಿರುಗಿಸಿದಳು.

"ನೋಡಿ ಸರ್. ಹನ್ನೊಂದು ಗಂಟೆಯಿಂದ ಇಲ್ಲೇ ಇತ್ತು. ತಗೊಂಡಿದ್ದು ನಾನು. ಬಿಲ್ಲೆ ಹಾಕದೆ."

ಅವಳು ಆ ಎರಡು ಕಾಲುಗಳ ಹತ್ತಿರ ಹೋದಳು. "ಅಣ್ಣಾ, ಎಲ್ಲರೆದುರು ನಿಮ್ಮನ್ನ ಅಂದೆ. ಎಲ್ಲರೆದುರೇ ಹೇಳ್ತೀನಿ, ನಂದು ತಪ್ಪಾಯ್ತು."

ಕಾಲುಗಳು ಹಿಂದೆ ಸರಿದು, ಗುಡ್ಡ ಇಡಿಯಾಗಿ ಹೊರಬಿದ್ದ. ರೆಪ್ಪೆಯ ಮೇಲೆಲ್ಲ ಧೂಳು. ತುರುಬನ್ನು ದಿಟ್ಟಿಸಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ.

"ಎರಡು ಗಂಟೆ ಉಸಿರು ಬಿಗಿಹಿಡಿದು ಮಲಗಿದ್ದೆ ಅಕ್ಕಾ. ನೀವು ಹೇಳಿದ ಹಾಗೇ ಕರಗಿದೆ, ನೋಡಿ!"

ಶೆಡ್ಡಿನ ತಗಡು ಅದುರುವ ಹಾಗೆ ನಗು ಎದ್ದಿತು.

ಹುಡುಕುವಾಗ ನೆಲಹಲಗೆಯ ಕೆಳಗೆ ಸವೆದ ತಂತಿಯೊಂದು ಸಿಕ್ಕಿತು, ಹತ್ತು ಜನರ ಪ್ರಾಣ ಉಳಿಯಿತು ಎಂದು ಈ ಜಾಗದಲ್ಲಿ ನಾನು ಬರೆದಿದ್ದೆ. ಅವಳು ಓದಿ ಗೀಟು ಹಾಕಿದಳು. ಸಿಕ್ಕಿದ್ದು ಬರೀ ಧೂಳು.

ಮುಖ್ಯ ಇಂಜಿನಿಯರ್ ಬೈಯಲಿಲ್ಲ. ತಪ್ಪುಗಳನ್ನು ಬರೆದಿಡುವ ಪುಸ್ತಕ ತರಿಸಿ ಅವಳ ಮುಂದಿಟ್ಟರು. ನಡೆದದ್ದನ್ನು ಅವಳು ಬರೆದು ಮುಗಿಸಿದ ಮೇಲೆ ಕೇಳಿದರು, "ನಿಮ್ಮ ಬಿಲ್ಲೆ ನಂಬರ್ ಎಷ್ಟಮ್ಮಾ?"

"ನನಗೆ ಬಿಲ್ಲೆ ಕೊಟ್ಟೇ ಇಲ್ಲ ಸರ್."

"ಆರು ವರ್ಷದಿಂದ?"

"ಯಾರಿಗೂ ಹೊಳೀಲಿಲ್ಲ. ನನಗೂ."

ಅವರು ಪೆನ್ನು ತೆಗೆದುಕೊಂಡು ಅವಳ ಬರಹದ ಕೆಳಗೆ, "ಇದರಲ್ಲಿ ನನ್ನ ತಪ್ಪೂ ಇದೆ" ಎಂದು ಬರೆದು ಸಹಿ ಮಾಡಿದರು. ಒಂದರಿಂದ ಶುರುವಾಗುವ ನಂಬರುಗಳೆಲ್ಲ ಹಂಚಿಹೋಗಿದ್ದರಿಂದ ಅವಳಿಗೆ ಸಿಕ್ಕಿದ್ದು ಸೊನ್ನೆ.

ಕಾಯಂ ಕಾಗದ ಎಂಟು ತಿಂಗಳು ತಡವಾಯಿತು. ಮೇಲಿನವರಲ್ಲಿ ಯಾರೋ, ತಪ್ಪು ಮಾಡಿದವಳಿಗೆ ಯಾಕೆ ಎಂದು ಅಡ್ಡ ಹಾಕಿದ್ದರು. ನಾನು ಮನೆಯಲ್ಲಿ ಕೂತು ಅವರ ವಂಶವನ್ನೆಲ್ಲ ಜಾಲಾಡಿದೆ. ಅವಳು ದಿನಾ ಎಂಟಕ್ಕೆ ಬಸ್ಸು ಹತ್ತಿದಳು, ಒಂದು ದಿನವೂ ಕಾಗದದ ಬಗ್ಗೆ ಕೇಳಲಿಲ್ಲ. ಅಷ್ಟರಲ್ಲಿ ವಿಚಿತ್ರವೊಂದು ನಡೆಯಿತು. ಆರು ವರ್ಷದಲ್ಲಿ ಮೂರೇ ಪುಟ ತುಂಬಿದ್ದ ಆ ತಪ್ಪಿನ ಪುಸ್ತಕ ಎಂಟು ತಿಂಗಳಲ್ಲಿ ಮುಗಿದುಹೋಯಿತು. ಮೊದಲು ಬರೆದವನು ಗುಡ್ಡ: ನಟ್ಟು ಬಿಗಿಯುವುದು ಮರೆತಿದ್ದೆ, ನಾನೇ ನೋಡಿ ಸರಿಪಡಿಸಿದೆ. ತಪ್ಪುಗಳು ಹೆಚ್ಚಾದವೇ ಎಂದು ಮೇಲಿನವರು ಗಾಬರಿಯಾದಾಗ ಮುಖ್ಯ ಇಂಜಿನಿಯರ್ ಹೇಳಿದರಂತೆ: "ತಪ್ಪು ಅಷ್ಟೇ ಇವೆ. ಈಗ ನಮಗೆ ಗೊತ್ತಾಗ್ತಾ ಇವೆ." ಕಾಗದಕ್ಕೆ ಸಹಿ ಬಿದ್ದದ್ದು ಆ ವಾರವೇ.

ಆಮೇಲೆ ಇಪ್ಪತ್ತೈದು ವರ್ಷ, ಕೆಲಸಕ್ಕೆ ಸೇರಿದ ಪ್ರತಿಯೊಬ್ಬ ಇಂಜಿನಿಯರಿಗೂ ಮೊದಲ ದಿನ ಅವಳು ಬೆನ್ನು ತಿರುಗಿಸಿ ತುರುಬು ತೋರಿಸಿ ಈ ಕಥೆ ಹೇಳಿದಳು. ಎಷ್ಟು ದೊಡ್ಡ ಡಿಗ್ರಿಯವರಾದರೂ ನಿಂತು ಕೇಳಬೇಕು.

ನಿವೃತ್ತಿಯ ದಿನ ನಾನೂ ಹೋಗಿದ್ದೆ. ನೆನಪಿಗೆ ಏನು ಬೇಕೆಂದು ಎಲ್ಲರೂ ಕೇಳಿದರು. "ಆ ಸೊನ್ನೆ ಬಿಲ್ಲೆ ಕೇಳೇ" ಎಂದು ನಾನು ಪಿಸುಗುಟ್ಟಿದೆ. ಅವಳು ನನ್ನನ್ನು ಬಿಲ್ಲೆ ಹಾಕದೆ ಸ್ಪ್ಯಾನರ್ ಕೇಳಿದವನಂತೆ ನೋಡಿದಳು.

"ಅದನ್ನ ನಾನು ಮನೆಗೆ ತಂದ್ರೆ, ನಾಳೆ ನನ್ನ ಜಾಗಕ್ಕೆ ಬರೋಳು ಏನು ತಗಲುಹಾಕ್ತಾಳೆ?"

ಹಲಗೆಯ ಹತ್ತಿರ ಹೋಗಿ ಕೊನೆಯ ಸಲ ಎಣಿಸಿದಳು. ಇನ್ನೂರ ಹದಿನಾಲ್ಕು. ಕೊರಳಿನಿಂದ ಬಿಲ್ಲೆ ತೆಗೆದು ಬಾಗಿಲ ಪಕ್ಕದ ಮೊಳೆಗೆ ಹಾಕಿ, ಸಹಿ ಮಾಡಿದಳು. ಮಾರನೆಯ ದಿನ ಬೆಳಿಗ್ಗೆ ವಿಮಾನ ಹಾರಿತು.