ಮುಂದಿನ ಸೀಟು

ಆ ಕಾರ್ ಷೋರೂಮಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಹತ್ತಕ್ಕೆಷ್ಟಕ್ಕ’ ಅಂತ. ಸರ್ವಿಸ್ ಮಾಡಿಸಿಕೊಂಡು ಹೋದ ಗಿರಾಕಿಗಳಿಗೆ ಫೋನ್ ಮಾಡಿ, “ನಮ್ಮ ಕಾರಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಸರ್?” ಎಂದು ಕೇಳುವುದೇ ಅವಳ ಕೆಲಸ. ಮೆಟ್ಟಿಲ ಪಕ್ಕದಲ್ಲೊಂದು ಅರೆಕೋಣೆ, ಒಂದು ಮೇಜು, ಕಿವಿಗೆ ಹಾಕಿಕೊಳ್ಳುವ ಫೋನು, ಕೆಳಗಿನ ವರ್ಕ್‌ಷಾಪ್ ಕಾಣುವಂಥ ಗಾಜಿನ ಕಿಟಕಿ. ಗಂಡ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದ ಮೇಲೆ ಅವಳು ಅಕ್ಕನ ಮನೆ ಸೇರಿದ್ದಳು. ಅಕ್ಕನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಅಲ್ಲಿಯ ಹಬೆ ಇವಳಿಗೆ ಆಗಿಬರಲಿಲ್ಲ. ಮಾತು ಆಗಿಬರುತ್ತಿತ್ತು, ಮಾತನ್ನೇ ಹಿಡಿದಳು.

ಸೇರಿದ ಹೊಸತರಲ್ಲಿ ತರಬೇತಿ ಕೊಟ್ಟಿದ್ದರು. ಕಂಪನಿ ಜಪಾನಿನದು, ಅದರ ಚರಿತ್ರೆಯನ್ನು ಪಾಠದ ಹಾಗೆ ಹೇಳಿದ್ದರು. ಅಲ್ಲಿಯ ಒಂದು ಕಡಲತಡಿಯ ಊರಲ್ಲಿ ಮೀನುದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಒಬ್ಬ ಕಮ್ಮಾರ. ಯುದ್ಧದಲ್ಲಿ ಊರು ಸುಟ್ಟು ಬೂದಿಯಾದ ಮೇಲೆ ಗುಜರಿ ತಗಡು ಹೆಕ್ಕಿ ಮೂರು ಗಾಲಿಯ ಗಾಡಿ ಕಟ್ಟಿದ, ಆಮೇಲೆ ಪುಟ್ಟ ಕಾರು. ಹೊರದೇಶದ ಬಂದರಿನಲ್ಲಿ ಅದನ್ನು ಇಳಿಸಿದಾಗ, ಹೊಲಿಗೆ ಯಂತ್ರಕ್ಕೆ ಗಾಲಿ ಹಾಕಿದ್ದಾರೆ ಅಂತ ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಪೆಟ್ರೋಲು ತುಟ್ಟಿಯಾಯಿತು ನೋಡಿ, ನಕ್ಕವರೇ ಬಂದು ಸಾಲಿನಲ್ಲಿ ನಿಂತರು. ಅವಳಿಗೆ ತುಂಬ ಹಿಡಿಸಿದ್ದು ಮಾತ್ರ ಇನ್ನೊಂದು ಸಂಗತಿ. ಒಂದು ಸಲ ಆ ಮೂರು ಗಾಲಿ ಗಾಡಿಗಳ ಅಚ್ಚು ಮುರಿಯತೊಡಗಿದಾಗ, ಯಜಮಾನ ಸಲಕರಣೆಯ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ, ತಲೆಬಾಗಿ ತಪ್ಪೊಪ್ಪಿಕೊಂಡು, ಹೊಸ ಅಚ್ಚು ಹಾಕಿಕೊಟ್ಟು ಬಂದನಂತೆ. ಇದನ್ನು ಅವಳು ಮನೆಗೆ ಬಂದು ಅಕ್ಕನಿಗೂ ಹೇಳಿದ್ದಳು. ಅಕ್ಕ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ, “ಈಗ ಆ ಯಜಮಾನ ಬದುಕಿದ್ದಾನಾ?” ಅಂದಿದ್ದಳು.

ಗಿರಾಕಿಗಳ ಮಾತು ಕೇಳುವುದು ಅವಳಿಗೆ ಬೇಸರ ತರಲಿಲ್ಲ. ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬ ಮುಚ್ಚಿದ ಹಾಗೆ ಸದ್ದು ಬರುತ್ತದೆ ಎಂದು ಒಬ್ಬ ದೂರುತ್ತಿದ್ದ. ದೂರಿ, ಹತ್ತಕ್ಕೆ ಒಂಬತ್ತು ಕೊಡುತ್ತಿದ್ದ. ಹಾರ್ನು ಆಡಿನ ಮರಿ ಅತ್ತಂತಿದೆ, ಲಾರಿಯವನು ನಗುತ್ತಾನೆಯೇ ವಿನಾ ದಾರಿ ಬಿಡಲ್ಲ ಅಂತ ಇನ್ನೊಬ್ಬ. ಆಸ್ಪತ್ರೆಯ ನರ್ಸೊಬ್ಬಳು, “ಓಡಿಸೋಕೆ ಹೇಗೋ ಏನೋ, ನಿದ್ದೆಗೆ ಬಹಳ ಚೆನ್ನಾಗಿದೆ” ಎಂದಿದ್ದಳು. ಬೈದವರು ಕೂಡ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಮಾತಿಗೆ: ಏನೇ ಹೇಳಿ, ನಡುದಾರಿಯಲ್ಲಿ ಕೈಬಿಡಲ್ಲ.

ಅವರಲ್ಲೆಲ್ಲ ಅವಳಿಗೆ ಅಚ್ಚುಮೆಚ್ಚಿನವರು ಡ್ರಾಯಿಂಗ್ ಮೇಷ್ಟ್ರು. ಶಾಲೆಯಿಂದ ನಿವೃತ್ತರು. ಕಾರಿಗೂ ವಯಸ್ಸಾಗಿತ್ತು, ಆದರೂ ಮೈ ಹೊಳೆಯುತ್ತಿತ್ತು. ಅಂಕ ಕೇಳಿದರೆ, “ಹತ್ತರ ಮೇಲೆ ಇಲ್ವೇನಮ್ಮ?” ಅನ್ನುತ್ತಿದ್ದರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸುತ್ತಿತ್ತು: “ನನಗೆಷ್ಟು ಕೊಡ್ತಾರೆ ಕೇಳಿ ನೋಡಮ್ಮ.” ಆ ಮೂವರೂ ಹಾಗೆ ಫೋನಿನಲ್ಲೇ ನಗಾಡಿಕೊಂಡಿದ್ದರು, ಅವಳು ಅವರಿಬ್ಬರ ಮುಖ ನೋಡಿರಲಿಲ್ಲ.

ಹೀಗಿರುವಾಗ ಒಂದು ದಿನ ಹಳೆಯ ಮಾದರಿಯ ಕಾರುಗಳನ್ನೆಲ್ಲ ವಾಪಸ್ ಕರೆಸಿ ಒಂದು ಭಾಗ ಬದಲಾಯಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಏರ್‌ಬ್ಯಾಗಿನ ಭಾಗ. ಗಿರಾಕಿಗೆ ಖರ್ಚಿಲ್ಲ. ಏನು ಹೇಳಬೇಕು ಅನ್ನುವುದನ್ನೂ ಬರೆದು ಕಳಿಸಿದ್ದರು: “ಸಣ್ಣ ಮುನ್ನೆಚ್ಚರಿಕೆ, ಬಿಡುವಾದಾಗ ಬನ್ನಿ.” ಅಪಾಯ ಅನ್ನುವ ಪದ ಬಾಯಿಂದ ಬರಕೂಡದು ಎಂದು ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು.

ಕೆಳಗೆ ವರ್ಕ್‌ಷಾಪಿನಲ್ಲಿದ್ದ ಹಿರಿಯ ಮೆಕ್ಯಾನಿಕ್‌ನನ್ನು ಅವಳು ಊಟದ ಹೊತ್ತಿಗೆ ಕೇಳಿದಳು. “ಅಣ್ಣ, ನಿಜ ಹೇಳು. ಏನಾಗುತ್ತೆ ಅದಕ್ಕೆ?”

ಮೆಕ್ಯಾನಿಕ್ ಕೈ ಒರೆಸಿಕೊಂಡ. “ಗುದ್ದಿದಾಗ ಚೀಲ ಉಬ್ಬಬೇಕಲ್ಲ, ಅದಕ್ಕೆ ಒಳಗೊಂದು ಮದ್ದಿರುತ್ತೆ, ಕಬ್ಬಿಣದ ಕುಡಿಕೆಯಲ್ಲಿ. ಹಳೇದಾಗಿ ತೇವ ಹಿಡಿದ್ರೆ ಮದ್ದಿನ ಜೊತೆ ಕುಡಿಕೇನೂ ಸಿಡಿಯುತ್ತೆ. ಸಣ್ಣ ಗುದ್ದು ಸಾಕು. ಚೂರು ನೆಟ್ಟಗೆ ಕತ್ತಿಗೇ ಬರುತ್ತೆ.”

“ಯಾವ ಸೀಟು?”

“ಈ ಮಾದರಿಗೆ ಎಡಗಡೆ, ಬಲಗಡೆ ಅಂತಿಲ್ಲ. ಮುಂದೆ ಕೂತವರಿಗೆಲ್ಲ.”

ಅವಳು ಊಟದ ಡಬ್ಬಿ ಮುಚ್ಚಿದಳು.

ಮೇಷ್ಟ್ರಿಗೆ ಮೊದಲ ಸಲ ಫೋನ್ ಮಾಡಿದಾಗ ಅವಳು ಬರೆದುಕೊಟ್ಟದ್ದನ್ನೇ ಓದಿದಳು. ಅವರು ನಕ್ಕರು. “ನಿಮ್ಮ ಸೇಲ್ಸ್ ಹುಡುಗರು ಹಳೇದು ಕೊಡಿ ಹೊಸದು ತಗೊಳ್ಳಿ ಅಂತ ತಿಂಗಳಿಗೊಂದ್ಸಲ ಜೀವ ತಿಂತಾರೆ. ಈಗ ನಿಮ್ಮನ್ನ ಛೂ ಬಿಟ್ಟಿದ್ದಾರಾ? ಒಳಗೆ ಕರ್ಕೊಂಡು ಹೋಗಿ, ಅದು ಹೋಗಿದೆ ಇದು ಹೋಗಿದೆ ಅಂತಾರೆ. ನನಗೆ ಗೊತ್ತಿಲ್ವೇನಮ್ಮ.” ಎರಡನೆಯ ಸಲವೂ ಅದೇ. ಬಿಡುವಾದಾಗ ಬನ್ನಿ ಅಂದವರ ಹತ್ತಿರ ಬಿಡುವಿಲ್ಲ ಅನ್ನುವುದು ಸುಲಭ. ಎಷ್ಟೋ ಜನ ಹಾಗೇ ಅಂದರು.

ಅವಳು ಮ್ಯಾನೇಜರ ಕೋಣೆಗೆ ಹೋದಳು. “ಸರ್, ಇದ್ದದ್ದು ಇದ್ದ ಹಾಗೆ ಹೇಳಿದ್ರೆ ನಾಳೆನೇ ಬರ್ತಾರೆ. ಆ ಯಜಮಾನರು ಅಚ್ಚು ಮುರಿದಾಗ ಮನೆಮನೆಗೆ ಹೋಗಿದ್ರಲ್ಲ, ನಾವೂ...”

ಮ್ಯಾನೇಜರು ಕಂಪ್ಯೂಟರಿನಿಂದ ಮುಖ ತಿರುಗಿಸಲಿಲ್ಲ. “ಅದು ಟ್ರೈನಿಂಗಲ್ಲಿ ಹೇಳೋ ಕಥೆ. ನೀವು ನಿಮ್ಮ ಕೆಲಸ ನೋಡಿ. ಒಬ್ಬರಿಗೆ ಅಪಾಯ ಅಂದ್ರೆ ಊರೆಲ್ಲ ಹಬ್ಬುತ್ತೆ, ಆಮೇಲೆ ಹೊಸ ಕಾರು ಯಾರು ಕೊಳ್ತಾರೆ?”

ಅವಳು ಬಂದು ಕುರ್ಚಿಯಲ್ಲಿ ಕೂತಳು. ಬರೆದುಕೊಟ್ಟ ಹಾಳೆಯನ್ನು ಮಗುಚಿಟ್ಟು ಮೇಷ್ಟ್ರ ನಂಬರು ಒತ್ತಿದಳು.

“ಸರ್, ನಾನು ಮಾರೋಕೆ ಮಾತಾಡ್ತಿಲ್ಲ. ಮುಂದಿನ ಸೀಟಲ್ಲಿ ಕೂರೋದು ಅಪಾಯ. ಸಣ್ಣ ಆ್ಯಕ್ಸಿಡೆಂಟ್ ಆದ್ರೂ ಕಬ್ಬಿಣದ ಚೂರು ಕುತ್ತಿಗೆಗೆ ಬರುತ್ತೆ. ಜೀವ ಹೋಗುತ್ತೆ ಸರ್. ದಯವಿಟ್ಟು ತಂದುಬಿಡಿ. ತರೋ ತನಕ ಓಡಿಸಬೇಡಿ.”

ಮೇಷ್ಟ್ರ ದನಿ ಬಂತು, ಹಿಂದೆಂದೂ ಕೇಳದಷ್ಟು ತಣ್ಣಗೆ: “ಇಷ್ಟು ವರ್ಷ ನನ್ನ ಸಂಸಾರ ಹೊತ್ತ ಗಾಡಿ ಅದು. ಅಪಶಕುನದ ಮಾತು ಆಡಬೇಡಿ.”

ಮಾರನೆಯ ವಾರ ಮೇಷ್ಟ್ರು ಷೋರೂಮಿಗೇ ಬಂದರು. ಗಾಜಿನ ಕಿಟಕಿಯಿಂದ ಅವಳು ಅವರನ್ನು ಮೊದಲ ಸಲ ನೋಡಿದಳು, ಯಾರೆಂದು ಗೊತ್ತಾಗಲಿಲ್ಲ. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಅವರು ಹೋದ ಮೇಲೆ ಮ್ಯಾನೇಜರು ಅವಳನ್ನು ಕರೆಸಿದರು. ಬಾಯಿಗೆ ಬಂದಂತೆ ಬೈಯಲೂ ಇಲ್ಲ. ಗಿರಾಕಿ ದೂರು ಕೊಟ್ಟಿದ್ದಾರೆ, ನಾಳೆಯಿಂದ ಬರುವುದು ಬೇಡ ಅಂದರು, ಅಷ್ಟೇ.

ಅಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಎಲ್ಲ ಕೇಳಿಸಿಕೊಂಡಳು. “ನಿನಗ್ಯಾಕೆ ಬೇಕಿತ್ತು? ಅವರ ಕಾರು, ಅವರ ಕುತ್ತಿಗೆ” ಎಂದಳು. ಮತ್ತೆ ಪೆಟ್ಟಿಗೆ ಎತ್ತಿಕೊಂಡು, “ಹೋಗಲಿ, ಆ ಕೊನೇ ಮೇಜಲ್ಲಿ ಬಟ್ಟೆ ಮಡಚು. ಅಲ್ಲಿಗೆ ಹಬೆ ಬರಲ್ಲ” ಅಂದಳು.

ಅವಳು ಬಟ್ಟೆ ಮಡಚಿದಳು. ಅಂಗಿ, ಹೊದಿಕೆ, ಹೋಟೆಲಿನ ಮೇಜುಬಟ್ಟೆ. ಮಾತಿಲ್ಲದ ಕೆಲಸ. ಚಳಿಗಾಲ ಬಂದು ಅರ್ಧ ಮುಗಿದಿತ್ತು, ಆ ಮೆಕ್ಯಾನಿಕ್ ಅಂಗಡಿ ಹುಡುಕಿಕೊಂಡು ಬಂದ. ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತ.

“ನಿಮ್ಮ ಡ್ರಾಯಿಂಗ್ ಮೇಷ್ಟ್ರ ಕಾರು ವರ್ಕ್‌ಷಾಪಿನ ಅಂಗಳಕ್ಕೆ ಎಳ್ಕೊಂಡು ಬಂದಿದ್ದಾರೆ. ಸಿಗ್ನಲ್ಲಲ್ಲಿ ನಿಂತಿದ್ದ ವ್ಯಾನಿಗೆ ಮೆಲ್ಲಗೆ ತಾಗಿದೆ ಅಷ್ಟೇ. ಮುಂದಿನ ಬಂಪರ್ ಕೂಡ ಸರಿಯಾಗಿ ಒಡೆದಿಲ್ಲ.” ಅವನು ಟೋಪಿಯನ್ನು ತಿರುಗಿಸುತ್ತಲೇ ಇದ್ದ. “ಎಡಗಡೆ ಕುಡಿಕೆ ಮಾತ್ರ ಸಿಡಿದಿದೆ. ಅವರ ಹೆಂಡತಿ ಅಲ್ಲೇ ಹೋಗ್ಬಿಟ್ರು.”

ಅವಳು ಹಿಡಿದಿದ್ದ ಹೊದಿಕೆಯನ್ನು ಮಡಚಿ ಮುಗಿಸಿದಳು.

ಮೇಷ್ಟ್ರ ಮಗ ಗ್ರಾಹಕರ ನ್ಯಾಯಾಲಯಕ್ಕೆ ಹೋದ. ಮದುವೆಯಾಗಿರಲಿಲ್ಲ, ಅಚ್ಚುಕೂಟದಲ್ಲಿ ಕೆಲಸ, ತಾಯಿಯೆಂದರೆ ಪ್ರಾಣ. ನಮಗೆ ಅಪಾಯವಿದೆಯೆಂದು ಯಾರೂ ಹೇಳಲಿಲ್ಲ ಎನ್ನುವುದು ಅವನ ದೂರು. ಸುದ್ದಿ ತಿಳಿದ ಕೂಡಲೇ ಕಂಪನಿಯ ವಕೀಲ ಇವಳಿಗೆ ಫೋನ್ ಮಾಡಿದ. ದನಿಯಲ್ಲಿ ಬೆಣ್ಣೆ. “ನೀವು ಸ್ಪಷ್ಟವಾಗಿ ಹೇಳಿದ್ರಿ ಅಲ್ವಾ ಮೇಡಂ? ಅಷ್ಟನ್ನೇ ಬಂದು ಹೇಳಿ. ನಿಮ್ಮ ಕೆಲಸದ ವಿಷಯಾನೂ ಮತ್ತೆ ನೋಡೋಣ.” ಹೇಳಿದ್ದಕ್ಕೆ ಹೊರಹಾಕಿದವರೇ, ಹೇಳಿದ್ದೇನೆ ಅನ್ನು ಎಂದು ಕರೆಯುತ್ತಿದ್ದರು.

ಎರಡು ದಿನ ಬಿಟ್ಟು ಮೇಷ್ಟ್ರು ಅಂಗಡಿಗೆ ಬಂದರು; ದನಿಯಿಂದ ಅವಳಿಗೆ ಗುರುತು ಹತ್ತಿತು. ಅಂಗಿ ಮುದುಡಿತ್ತು. ಅಕ್ಕ ಕುರ್ಚಿ ಹಾಕಿ ಒಳಗೆ ಹೋದಳು.

“ನೀವು ಫೋನಲ್ಲಿ ಹೇಳಿದ್ದು ನನ್ನ ಮಗನಿಗೆ ಗೊತ್ತಿಲ್ಲ” ಎಂದರು. “ಗೊತ್ತಾಗೋದು ಬೇಡಮ್ಮ.”

ಅವಳು ಮೇಜಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನನಗೆ ಪರಿಹಾರ ಬೇಡ. ಬೇರೆ ವಿಷಯ.” ಅವರು ತಮ್ಮ ಮಂಡಿ ನೋಡುತ್ತ ಮಾತಾಡಿದರು. “ಅವತ್ತು ನೀವು ಹೇಳಿದ್ದನ್ನ ನಾನು ನಗೆಯಾಡ್ಕೊಂಡು ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ಆವತ್ತಿಂದ ಹಿಂದಿನ ಸೀಟಲ್ಲಿ ಕೂರೋಕೆ ಶುರು ಮಾಡಿದ್ಲು. ನನ್ನನ್ನೂ ಓಡಿಸಬೇಡಿ ಅಂತ ಗೋಗರೆದ್ಲು. ನನಗೆ ಮುಖಕ್ಕೆ ಹೊಡೆದ ಹಾಗಾಗೋದು. ದಾರೀಲಿ ನೋಡಿದವರು, ಏನ್ ಮೇಷ್ಟ್ರೇ, ಡ್ರೈವರ್ ಕೆಲಸಕ್ಕೆ ಸೇರಿದ್ರಾ ಅನ್ನೋರು. ಅದಕ್ಕೇ ನಿಮ್ಮ ಮೇಲೆ ದೂರು ಕೊಡೋಕೆ ಬಂದೆ. ಮ್ಯಾನೇಜರು, ಅಂಥದ್ದೇನೂ ಇಲ್ಲ ಸರ್, ಆ ಹೆಂಗಸಿಗೆ ತಿಳಿಯಲ್ಲ, ನಿಶ್ಚಿಂತೆಯಾಗಿ ಓಡಿಸಿ ಅಂದ್ರು. ಅದನ್ನೇ ಮನೆಗೆ ಹೋಗಿ ಹೇಳಿದೆ. ನೋಡಿದ್ಯಾ, ಇನ್ನಾದ್ರೂ ಮುಂದೆ ಬಾ ಅಂದೆ.” ಮುದುಡಿದ ಅಂಗಿಯ ತುದಿಯನ್ನು ಎಳೆದು ನೆಟ್ಟಗೆ ಮಾಡಿದರು. “ಬಂದ್ಲು.”

ಒಳಗೆ ಒಗೆಯುವ ಯಂತ್ರ ತಿರುಗುವುದು ನಿಂತಿತು. ಅಕ್ಕ ನಿಲ್ಲಿಸಿದ್ದಳೋ ಏನೋ.

“ನಾನು ನನ್ನ ಮಾತು ಮಾತ್ರ ಹೇಳ್ತೀನಿ ಸರ್” ಎಂದಳು ಇವಳು. “ನಿಮ್ಮದು ನಿಮ್ಮದೇ.”

“ನಿಮ್ಮ ಮಾತೇ ಸಾಕಲ್ಲಮ್ಮ, ಅವನು ನನ್ನ ಮುಖ ನೋಡೋದು ಬಿಡೋಕೆ.”

ಹೌದೆಂದು ಅವಳಿಗೂ ಗೊತ್ತಿತ್ತು. ನೆನಪಿಲ್ಲ ಎಂದುಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತು. ಹಾಗೆಂದರೆ ಮೇಷ್ಟ್ರು ಉಳಿಯುತ್ತಿದ್ದರು, ಹೇಳಕೂಡದು ಎಂಬ ಅಪ್ಪಣೆಯೂ ಮುಚ್ಚಿಹೋಗುತ್ತಿತ್ತು. ಆದರೆ ಇನ್ನೂ ಅದೇ ಮಾದರಿಯ ಕಾರುಗಳ ಮುಂದಿನ ಸೀಟಿನಲ್ಲಿ ಯಾರ್ಯಾರೋ ಕೂತು ಓಡಾಡುತ್ತಿದ್ದರು. ಬಿಸ್ಕತ್ತಿನ ಡಬ್ಬದವನು, ಆಡಿನ ಮರಿಯವನು, ಕಾರಿನಲ್ಲೇ ನಿದ್ದೆ ಮಾಡುವ ಆ ನರ್ಸು. ಅವರ ದನಿಗಳು ಅವಳ ಕಿವಿಯಲ್ಲೇ ಇದ್ದವು.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಟ್ಯೂಬ್‌ಲೈಟ್ ಕಣ್ಣು ಹೊಡೆಯುತ್ತಿತ್ತು. ಕಂಪನಿಯ ವಕೀಲ ನಗುನಗುತ್ತ ಕೇಳಿದ: “ದೂರುದಾರರ ತಂದೆಗೆ ನೀವು ಅಪಾಯದ ವಿಷಯ ತಿಳಿಸಿದ್ರಾ?”

“ತಿಳಿಸಿದೆ. ಜೀವ ಹೋಗುತ್ತೆ ಅಂತಲೇ ಹೇಳಿದೆ.”

ಮಗ ತಟ್ಟನೆ ತಂದೆಯ ಕಡೆ ತಿರುಗಿದ. ವಕೀಲ, ಸಾಕು, ಕೂತುಕೊಳ್ಳಿ ಎಂದ. ಅವಳು ಕೂರಲಿಲ್ಲ.

“ಹೇಳಿದ್ದಕ್ಕೇ ನನ್ನನ್ನ ಕೆಲಸದಿಂದ ತೆಗೆದ್ರು. ಹೇಳಕೂಡದು ಅಂತ ಮ್ಯಾನೇಜರ ಕಟ್ಟಪ್ಪಣೆ ಇತ್ತು. ಅದನ್ನೂ ಬರ್ಕೊಳ್ಳಿ.”

ವಕೀಲ ಎದ್ದು, ಇದಕ್ಕೆ ಆಧಾರವೇನು, ಕೆಲಸ ಕಳೆದುಕೊಂಡವರ ಹೊಟ್ಟೆಕಿಚ್ಚಿನ ಮಾತು ಎಂದ. ಆಗ ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಎದ್ದು ನಿಂತರು. ಯಾರೂ ಅವರನ್ನು ಕರೆದಿರಲಿಲ್ಲ. ಅವಳು ಹೇಳಿದ್ದು ನಿಜ, ಅವಳ ಮೇಲೆ ಷೋರೂಮಿಗೆ ದೂರು ಕೊಟ್ಟವನು ನಾನು, ಭಯವಿಲ್ಲ ಓಡಿಸಿ ಅಂತ ಮ್ಯಾನೇಜರು ನನ್ನೆದುರಿಗೇ ಹೇಳಿದರು ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೆಂಡತಿ ಹಿಂದೆ ಕೂತದ್ದು, ತಾವು ಮುಂದೆ ಕರೆದದ್ದು, ಎಲ್ಲ ಹೇಳಿದರು, ತರಗತಿಯ ಮುಂದೆ ನಿಂತವರ ಹಾಗೆ ನೆಟ್ಟಗೆ ನಿಂತು. ಮಗ ಮಾತು ಮುಗಿಯುವ ಮೊದಲೇ ಎದ್ದು ಹೊರಗೆ ಹೋದ.

ಹೊರಗಿನ ಹಜಾರದಲ್ಲಿ ಅವನು ಗೋಡೆಗೆ ಹಣೆ ಕೊಟ್ಟು ನಿಂತಿದ್ದ. ಅವಳು ದಾಟಿಹೋಗುವಾಗ ಕೇಳಿದ, “ಅಮ್ಮ ಹಿಂದಿನ ಸೀಟಲ್ಲಿ ಎಷ್ಟು ದಿನ ಕೂತಿದ್ರು?”

“ನನಗೆ ಗೊತ್ತಿಲ್ಲಪ್ಪ.”

“ಮನೇಲೇ ಇದ್ದೆ ನಾನು. ಬೆನ್ನುನೋವಿಗೆ ಹಿಂದೆ ಕೂರ್ತಾರೆ ಅಂದ್ಕೊಂಡಿದ್ದೆ” ಅಂದ.

ತೀರ್ಪು ಕಂಪನಿಯ ವಿರುದ್ಧ ಬಂತು. ಆ ಮಾದರಿಯ ಕಾರು ಇಟ್ಟವರು ಗಾಬರಿಯಾಗಿ ಷೋರೂಮಿನ ಮುಂದೆ ಸಾಲುಗಟ್ಟಿದರು; ವರ್ಕ್‌ಷಾಪಿನವರಿಗೆ ಊಟಕ್ಕೂ ಪುರುಸೊತ್ತಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಮ್ಯಾನೇಜರನ್ನು ಬೇರೆ ಊರಿಗೆ ಹಾಕಿದರು. ಅವಳನ್ನು ಯಾರೂ ವಾಪಸ್ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಬೇರೆ ಎರಡು ಕಡೆ ಕೆಲಸ ಕೇಳಿದಳು. ಕಂಪನಿಯ ಮೇಲೆ ಸಾಕ್ಷಿ ಹೇಳಿದವಳು ಇವಳೇ ಅಂತ ಅವರಿಗೂ ಗೊತ್ತಿತ್ತು.

ಮೇಷ್ಟ್ರು ಒಂದು ಸಲ ಬಂದು ಹೋಗಿ ಎಂದು ಹೇಳಿಕಳಿಸಿದರು. ಹೋಗಿ ಏನು ಮಾತಾಡುವುದು ಎಂದು ಅವಳು ದಿನ ತಳ್ಳಿದಳು. ಕೊನೆಗೆ ಅಕ್ಕನೇ ಬೈದು ಕಳಿಸಿದಳು.

ಎರಡು ಕೋಣೆಯ ಮನೆ. ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಬಟ್ಟೆ ಒಣಹಾಕಿದ್ದರು. ಮೇಷ್ಟ್ರು ಇನ್ನಷ್ಟು ಸೊರಗಿದ್ದರು, ಕೈ ನಡುಗುತ್ತಿತ್ತು. ಕಾರಿನ ಸುದ್ದಿ, ಕೋರ್ಟಿನ ಸುದ್ದಿ ಎತ್ತಲಿಲ್ಲ. ಹೆಂಡತಿಯ ಬಗ್ಗೆ ಹೇಳಿದರು. ಅವಳಿಗೆ ಚಿತ್ರ ಬರೆಯುವುದು ತನಗಿಂತ ಚೆನ್ನಾಗಿ ಬರುತ್ತಿತ್ತು, ತಾನು ಒಂದು ದಿನವೂ ಹಾಗಂತ ಅವಳಿಗೆ ಹೇಳಲಿಲ್ಲ ಅಂದರು. ಇವಳು ಕೇಳುತ್ತ ಕೂತಳು.

ಮಗ ಕೆಲಸದಿಂದ ಬಂದ. ಅವಳನ್ನು ನೋಡಿ ತಲೆಯಾಡಿಸಿ ಅಡುಗೆಮನೆಗೆ ಹೋದ. ಅಪ್ಪ ಮಗ ಒಂದೇ ಸೂರಿನಡಿ ಇದ್ದರೂ ವಿಚಾರಣೆಯ ದಿನದಿಂದ ಅವರ ನಡುವೆ ಮಾತಿಲ್ಲವೆಂದು ಅವಳು ಕೇಳಿದ್ದಳು. ಅವನು ಎರಡು ಲೋಟ ಚಹಾ ತಂದ. ಒಂದನ್ನು ಅವಳ ಕೈಗೆ ಕೊಟ್ಟ. ಇನ್ನೊಂದನ್ನು ತಂದೆಯ ಪಕ್ಕದ ಸ್ಟೂಲಿನ ಮೇಲಿಟ್ಟ, ಅವರ ನಡುಗುವ ಕೈಯನ್ನು ನೋಡಿ ಒಂದು ಗಳಿಗೆ ನಿಂತ.

“ಬಿಸಿ ಇದೆ ಅಂತ ಹೇಳಿ ಅವರಿಗೆ” ಎಂದ ಅವಳಿಗೆ.

ಅವಳು ಹೇಳಿದಳು. ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿ, ಲೋಟ ಮುಟ್ಟದೆ ಆರಲು ಬಿಟ್ಟರು.