ರಾಡಿ ಒಣಗಿಸುತ್ತಿದ್ದ ಮಾವಶಿ

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಭಾವಿಕೇರಿಯ ನಮ್ಮ ಮನೆಯಿಂದ ದಿನಾ ಬಸ್ಸು ಹಿಡಿದು ಕಾರವಾರದ ಹತ್ತಿರದ ಒಂದು ಕಾಲೋನಿಯ ಕೊಳಚೆ ನೀರಿನ ಘಟಕಕ್ಕೆ ಹೋಗುತ್ತಿದ್ದೆ. ಕೊಳಚೆ ಶುದ್ಧವಾದ ಮೇಲೆ ತಳದಲ್ಲಿ ಉಳಿಯುವ ರಾಡಿಯಿಂದ ನೀರು ತೆಗೆಯುವುದು ಹೇಗೆ ಎಂಬುದೇ ನನ್ನ ಎಂಟೆಕ್ ಪ್ರಬಂಧ. ಅಲ್ಲಿ ರಾಡಿಯನ್ನು ಮರಳಿನ ಹಾಸಿನ ಮೇಲೆ ಹರಡಿ ಬಿಸಿಲಿಗೆ ಬಿಡುತ್ತಿದ್ದರು. ನಮ್ಮ ಕಡೆಯ ಮಳೆಗಾಲದಲ್ಲಿ ಅದು ತಿಂಗಳಾದರೂ ಒಣಗುತ್ತಿರಲಿಲ್ಲ. ಹೊರಗಿನ ಸಂಶೋಧನೆಯೆಲ್ಲ ಆಗಲೇ ಕಣಗಳನ್ನು ಹೆಪ್ಪುಗಟ್ಟಿಸುವ ಪಾಲಿಮರ್ ಬೆರೆಸಿ, ಯಂತ್ರದಲ್ಲಿ ಗಿರಗಿರ ತಿರುಗಿಸಿ ನೀರು ಬೇರ್ಪಡಿಸುವ ಕಡೆ ಹೊರಳಿತ್ತು. ಪಾಲಿಮರ್ ಬದಲು ನುಗ್ಗೆಬೀಜದ ಪುಡಿ ಸಾಕಾದೀತೇ ಎಂದು ನಾನು ನೋಡುತ್ತಿದ್ದೆ.

ಒಣಗಿದ ರಾಡಿ ಕೆರೆದು ತೆಗೆಯಲು ಒಬ್ಬ ಹೆಂಗಸಿದ್ದಳು. ಅರ್ಗಾದ ಕಡೆಯ ಮೀನುಗಾರರ ಮನೆಯವಳು. ನೌಕಾನೆಲೆಗೆ ಜಾಗ ಬಿಟ್ಟು ಬಂದ ಮೇಲೆ ಶೆಟ್ಲಿ ಎನ್ನುವ ಸಿಗಡಿ ಒಣಗಿಸಲು ಅವಳಿಗೆ ದಂಡೆ ಇರಲಿಲ್ಲ. ಅವಳನ್ನು ನಾನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ; ಹೆಣ್ಣುಮಕ್ಕಳನ್ನು ಕರೆಯುವಂತೆ ಅವಳು ನನ್ನನ್ನು ಬಾಯಿ ಎನ್ನುತ್ತಿದ್ದಳು. ನಾನು ರಾಡಿ ತೂಗಿ, ಓವನ್ನಿನಲ್ಲಿಟ್ಟು ತೇವ ಅಳೆಯುವಷ್ಟರಲ್ಲಿ ಅವಳು ಬರಿಗೈಲಿ ಒತ್ತಿ ಹೇಳಿಬಿಡುತ್ತಿದ್ದಳು.

"ಮೇಲೆ ಬಿರುಕು ಬಿಟ್ಟದೆ ಅಂತ ನಂಬ್ಬೇಡ ಬಾಯಿ. ಒಳಗೆ ಹಸಿನೇ ಅದೆ."

ಪುಡಿ ಹಾಕಿದ ರಾಡಿ ಬೇಗ ನೀರು ಬಿಡುತ್ತದೆಂದು ಮೊದಲು ಕಂಡುಕೊಂಡವಳೂ ಅವಳೇ.

ಮಳೆ ಜಾಸ್ತಿಯಿರುವ ಕರಾವಳಿಗೆ ಹಾಸು ಸರಿಯಲ್ಲ, ಯಂತ್ರವೇ ಬೇಕು ಎಂದು ಪ್ರಬಂಧದ ಕೊನೆಗೆ ಬರೆದೆ. ಅದು ಸುಳ್ಳಲ್ಲ. ಒಂದು ಪ್ರತಿ ಘಟಕದವರಿಗೂ ಕೊಟ್ಟೆ. ಮರುವರ್ಷ ಯಂತ್ರ ಬಂತು, ಮಾವಶಿಯ ಕೆಲಸ ಹೋಯಿತು.

ಕೇಳಿದೊಡನೆ ಅವಳನ್ನು ಹುಡುಕಿಕೊಂಡು ಹೋದೆ. "ನಾನು ಬರೆದದ್ದರಿಂದಲೇ ಹೀಗಾಯ್ತು ಮಾವಶಿ" ಎಂದೆ.

"ನೀ ಕಂಡದ್ದು ಬರ್ದೆ," ಎಂದಳು. ಆಮೇಲೆ ಕೇಳಿದಳು, "ನನ್ನ ಹೆಸ್ರು ಬರ್ದೀಯೇ ಅದ್ರಲ್ಲಿ?"

ಮಾರ್ಗದರ್ಶಕರಿಂದ ಹಿಡಿದು ಟೈಪು ಮಾಡಿಕೊಟ್ಟವರವರೆಗೆ ಎಲ್ಲರಿಗೂ ಕೃತಜ್ಞತೆ ಹೇಳಿದ್ದೆ. ಅವಳ ನೆನಪೇ ಬಂದಿರಲಿಲ್ಲ. "ಇಲ್ಲ" ಎಂದೆ. ಅವಳು ಬೇರೆ ಮಾತು ತೆಗೆದಳು.

ಎರಡು ವರ್ಷ ಕಳೆದು, ನಾನು ಧಾರವಾಡದಲ್ಲಿ ಪಾಠ ಮಾಡುತ್ತಿದ್ದಾಗ, ಅವಳು ಜ್ವರದಲ್ಲಿ ತೀರಿಕೊಂಡಳು. ನನಗೆ ತಿಳಿದದ್ದು ತಿಂಗಳ ಮೇಲೆ. ಅಷ್ಟರಲ್ಲಿ ಆ ಪ್ರಬಂಧದ ಕೆಲಸದ ಮೇಲೆಯೇ ನನ್ನ ಲೇಖನವೊಂದು ಅಚ್ಚಾಗಿತ್ತು. ಅದರಲ್ಲಿ ಅವಳ ಹೆಸರು ಬರೆದಿದ್ದೆ. ತೋರಿಸೋಣವೆಂದು ಬೊಬ್ರುವಾಡದಲ್ಲಿದ್ದ ಅವಳ ಮಗಳ ಮನೆಗೆ ಹೋದೆ.

ಘಟಕದ ಮಾತೆತ್ತಿದ್ದೇ ತಡ, ಮಗಳು ಎದ್ದುಹೋಗಿ ಬಾಗಿಲು ಓರೆ ಮಾಡಿ ಬಂದಳು.

"ಅಕ್ಕಾ, ಆಯಿ ಅಲ್ಲಿ ಅದನ್ನ ಕೆರೀತಿತ್ತು ಅಂತ ಇಲ್ಲಿ ಯಾರಿಗೂ ಹೇಳ್ಬೇಡಿ. ಆಫೀಸಲ್ಲಿ ಕೆಲಸ ಅಂತ ಹೇಳಿದ್ದು ನಾವು. ಆಯಿನೇ ಹಾಗೆ ಹೇಳು ಅಂದಿತ್ತು."

ನಾನು ಆಯ್ತು ಎಂದೆ. ಲೇಖನವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.